ಐಸ್ ಲಾರಿಯ ಹ್ಯಾಂಡ್‌ಬ್ರೇಕ್

ಐಸ್ ಫ್ಯಾಕ್ಟರಿಯ ಫಿಟ್ಟರ್‌ಗೆ ಆ ವರ್ಷ ಅರವತ್ತೊಂದು ತುಂಬಿತ್ತು. ನಿವೃತ್ತಿಯ ಕಾಗದ ಕೈಗೆ ಬಂದು ಹತ್ತು ತಿಂಗಳಾಗಿದ್ದರೂ ಬೆಳಿಗ್ಗೆ ಎಂಟಕ್ಕೆ ಬಂದು ಹಿಂದಿನ ಶೆಡ್ಡಿನ ಬಾಗಿಲು ತೆಗೆಯುವುದು ತಪ್ಪಿರಲಿಲ್ಲ. ಬಲಭುಜ ಮೇಲೇಳುತ್ತಿರಲಿಲ್ಲ. ಎತ್ತರದ ಚಿಲಕ ತೆಗೆಯಬೇಕಾದರೆ ಎಡಗೈಯಿಂದ ಬಲಗೈಯನ್ನು ಎತ್ತಿ ಚಿಲಕದ ಮೇಲೆ ಇಡಬೇಕಾಗಿತ್ತು. ಎಡಗೈಯಲ್ಲೇ ತೆಗೆದರೆ ಆಗದೇ ಎಂದು ಯಾರಾದರೂ ಕೇಳಿದರೆ, "ಬಲಗೈಗೆ ಬೇಜಾರಾಗುತ್ತೆ" ಎನ್ನುತ್ತಿದ್ದ.

ಅವನನ್ನು ಉಳಿಸಿಕೊಂಡಿದ್ದದ್ದು ಒಂದೇ ಕೆಲಸಕ್ಕೆ. ಫ್ಯಾಕ್ಟರಿಯ ಮೊಟ್ಟಮೊದಲ ಲಾರಿ ಇಪ್ಪತ್ತೊಂಬತ್ತು ವರ್ಷದಿಂದ ಆ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಹಳೆಯ ಯಜಮಾನರು ಅದನ್ನು ಮಾರಲೂ ಇಲ್ಲ, ಓಡಿಸಲೂ ಇಲ್ಲ. ಅವರು ಹೋದ ಮೇಲೆ ಮಗಳು ಬಂದು ಕುರ್ಚಿಯಲ್ಲಿ ಕೂತರು. ಫ್ಯಾಕ್ಟರಿಗೆ ಐವತ್ತು ವರ್ಷವಾಗುವ ದಿನ ಆ ಲಾರಿ ಒಮ್ಮೆ ಮೀನು ಮಾರುಕಟ್ಟೆಯ ಇಳಿಜಾರಿನವರೆಗೆ ಹೋಗಿ ಬರಬೇಕು, ಆಮೇಲೆ ಗೇಟಿನ ಪಕ್ಕ ನಿಲ್ಲಬೇಕು ಎಂದು ಅವರಿಗೆ ಆಸೆ. ಆ ಗಾಡಿಯ ಒಳಹೊರಗು ಬಲ್ಲವನು ಉಳಿದಿದ್ದು ಫಿಟ್ಟರ್ ಒಬ್ಬನೇ.

ಎಂಟು ತಿಂಗಳು ಅವನು ಅದರ ಕೆಳಗೆ ರಟ್ಟು ಹಾಸಿಕೊಂಡು ಮಲಗಿದ. ಎಂಜಿನ್ ಇಳಿಸಿ ಏರಿಸಿದ, ತುಕ್ಕು ಹಿಡಿದ ನೆಲಹಾಸು ಕತ್ತರಿಸಿ ಹೊಸ ತಗಡು ಕೂರಿಸಿದ, ವೈರಿಂಗ್ ಪೂರ್ತಿ ಬದಲಿಸಿದ. ಕೆಳಗೆ ಹೋಗುವುದು ಸುಲಭವಿತ್ತು. ಎದ್ದು ಬರುವುದಕ್ಕೆ ಒಂದು ಕ್ರಮವೇ ಬೇಕಾಗಿತ್ತು: ಮೊದಲು ಮಗ್ಗುಲು, ಆಮೇಲೆ ಎಡಮೊಣಕಾಲು, ಆಮೇಲೆ ಬಂಪರ್ ಹಿಡಿದು ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುವುದು. ಆ ಸುಮ್ಮನೆ ನಿಲ್ಲುವ ಹೊತ್ತು ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಿತ್ತು.

ಕೊನೆಗೆ ಉಳಿದದ್ದು ಹ್ಯಾಂಡ್‌ಬ್ರೇಕ್.

ಈಗಿನ ಗಾಡಿಗಳ ಹಾಗೆ ಅದರಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಗಳನ್ನು ಹಿಡಿಯುತ್ತಿರಲಿಲ್ಲ. ಗೇರ್‌ಬಾಕ್ಸಿನ ಬೆನ್ನಿಗೆ ಒಂದು ಡ್ರಮ್. ಅಲ್ಲಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನೇ ಅದು ಬಿಗಿಹಿಡಿಯುತ್ತಿತ್ತು. ಡ್ರೈವರ್ ಸೀಟಿನ ಪಕ್ಕದಲ್ಲಿ ಮೊಳದುದ್ದದ ಲಿವರ್. ಅದನ್ನು ಎಳೆದರೆ ಬುಡದಲ್ಲಿರುವ ಒಂದು ಉಕ್ಕಿನ ಕೊಕ್ಕೆ, ಹಲ್ಲಿನ ಪಟ್ಟಿಯ ಮೇಲೆ ಟಕಟಕ ಎಂದು ಒಂದೊಂದೇ ಹಲ್ಲು ಹತ್ತಿ ಕಚ್ಚಿ ಕೂರುತ್ತಿತ್ತು. ಕೊಕ್ಕೆ ಹಿಡಿದಿರುವ ತನಕ ಬ್ರೇಕು.

ಯಜಮಾನಿ ಶೆಡ್ಡಿಗೆ ಬಂದು ಹೊಸ ಬಣ್ಣದ ಮೇಲೆ ಬೆರಳಾಡಿಸಿ ಹೇಳಿದರು: "ಫಿಟ್ಟರಣ್ಣ, ಆ ಹ್ಯಾಂಡ್‌ಬ್ರೇಕ್ ತೆಗೆದುಬಿಡಿ. ಗೇರ್‌ಬಾಕ್ಸಿಂದ ಆಯಿಲ್ ಇಳಿದು ಡ್ರಮ್ಮಿನೊಳಗೆ ಬ್ರೇಕ್ ಹಿಡಿಯೋ ಲೈನಿಂಗ್ ನೆನೀತಾನೇ ಇರುತ್ತಂತೆ. ಹಳೇ ಗಾಡಿ ಮಾಡಿಸೋರೆಲ್ಲ ಮೊದಲು ಅದನ್ನೇ ಕಿತ್ತು ಹಾಕ್ತಾರಂತೆ. ಪಾರ್ಟೂ ಸಿಗಲ್ಲ."

"ಆಯಿಲ್ ಸೀಲ್ ಹೊಸದು ಹಾಕಿದ್ದೀನಿ ಮೇಡಂ. ಲೈನಿಂಗೂ ಹೊಸದು, ರಿವೆಟ್ ಬಡಿದು ಕೂರಿಸಿದ್ದೀನಿ."

"ಆದ್ರೂ ಯಾಕೆ ಬೇಕು? ಒಂದು ದಿನ ಓಡುತ್ತೆ, ಆಮೇಲೆ ಗೇಟಲ್ಲಿ ನಿಲ್ಲುತ್ತೆ. ಗೇಟಲ್ಲಿ ನೆಲ ಸಮತಟ್ಟು. ಚಕ್ರಕ್ಕೆ ಎರಡು ಮರದ ತುಂಡು ಕೊಟ್ರಾಯ್ತು." ದನಿ ತಗ್ಗಿಸಿ ಸೇರಿಸಿದರು: "ಆ ಲಿವರ್ ಕಂಡ್ರೆ ಜನಕ್ಕೆ ಹಳೇದೆಲ್ಲ ನೆನಪಾಗುತ್ತೆ. ನಿಮ್ಮ ಭಾವನಿಗೂ."

ಫಿಟ್ಟರ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದ. "ಒಂದು ವಾರ ಕೊಡಿ. ಲಿವರ್ ಬಿಚ್ಚಿ ನೋಡಿ ಹೇಳ್ತೀನಿ" ಎಂದ.

ಆ ಲಾರಿ ಓಡಿಸುತ್ತಿದ್ದವರು ಅವನ ಭಾವ.

ಅಮ್ಮ ತೀರಿಕೊಂಡಾಗ ಫಿಟ್ಟರ್‌ಗೆ ಹದಿನಾಲ್ಕು. ಆಗಷ್ಟೇ ಮದುವೆಯಾಗಿದ್ದ ಅಕ್ಕ ತನ್ನ ಬಟ್ಟೆಯ ಗಂಟಿನ ಜೊತೆ ತಮ್ಮನನ್ನೂ ಗಂಡನ ಮನೆಗೆ ತಂದಳು. ಭಾವ ಹುಬ್ಬು ಕೂಡ ಗಂಟಿಕ್ಕಲಿಲ್ಲ. ಹಿಂದಿನ ಕೋಣೆಯಲ್ಲಿ ಒಂದು ಮಂಚ ಹಾಕಿಸಿದರು, ನಾಲ್ಕು ವರ್ಷ ಕಳೆದ ಮೇಲೆ ಫ್ಯಾಕ್ಟರಿಯ ವರ್ಕ್‌ಶಾಪಿಗೆ ಸೇರಿಸಿದರು. ಆ ಮಂಚದ ಮೇಲೇ ಅವನ ಆಯುಷ್ಯ ಕಳೆಯಿತು. ಮದುವೆ ಯಾಕಾಗಲಿಲ್ಲ ಎಂದರೆ, ಹೆಣ್ಣು ಕೊಡುವವರಿದ್ದಾಗ ಪುರುಸೊತ್ತಿರಲಿಲ್ಲ, ಪುರುಸೊತ್ತಾದಾಗ ಕೊಡುವವರು ಇರಲಿಲ್ಲ ಎನ್ನುತ್ತಿದ್ದ.

ಭಾವ ಹತ್ತೊಂಬತ್ತು ವರ್ಷ ಲಾರಿ ಓಡಿಸಿದರು. ಗಾಡಿಗೆ ಒಂದು ಗೀರು ಬೀಳಿಸಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮೀನು ಮಾರುಕಟ್ಟೆಯ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಐಸ್ ಇಳಿಸಿದ ಚೀಟಿಗೆ ಸಹಿ ಹಾಕಿಸಲು ಒಳಗೆ ಹೋದರು. ಬ್ಯಾಟರಿ ಸೋತಿತ್ತು, ಆಫ್ ಮಾಡಿದರೆ ಮತ್ತೆ ತಳ್ಳಬೇಕು. ಅದಕ್ಕೆ ಎಂಜಿನ್ ಚಾಲೂ ಬಿಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕಿನ ಮೇಲೆ ನಿಲ್ಲಿಸಿದ್ದರು. ಹಮಾಲರು ಹಿಂದಿನಿಂದ ಐಸಿನ ಗಡ್ಡೆಗಳನ್ನು ತೊಟ್ಟಿಯೊಳಗೆ ಧೊಪ್ಪಧೊಪ್ಪನೆ ಉರುಳಿಸಿ, ಎಳೆದು ಇಳಿಸುತ್ತಿದ್ದರು. ಐದು ನಿಮಿಷವೂ ಆಗಿರಲಿಲ್ಲ, ಲಾರಿ ತಾನಾಗಿ ಹೊರಟಿತು. ಐವತ್ತು ಹೆಜ್ಜೆ ಇಳಿದು ತೂಕದ ಶೆಡ್ಡಿಗೆ ನುಗ್ಗಿತು. ಒಳಗೆ ಕೂತಿದ್ದ ತೂಕದವರ ಬಲಗಾಲು ಗೋಡೆಗೂ ಬಂಪರಿಗೂ ನಡುವೆ ಸಿಕ್ಕಿತು. ಜೀವ ಉಳಿಯಿತು, ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ.

ಪರೀಕ್ಷೆಗೆ ಬಂದ ಅಧಿಕಾರಿ ಕ್ಯಾಬಿನ್ನಿಗೆ ಹತ್ತಿ ನೋಡಿದಾಗ ಲಿವರ್ ಪೂರ್ತಿ ಕೆಳಗಿತ್ತು. ಭಾವ ಬಡಕೊಂಡರು: "ಎಳೆದಿದ್ದೆ ಸಾರ್. ಏಳು ಹಲ್ಲು ಎಳೆದಿದ್ದೆ." ಅಧಿಕಾರಿ ತಾವೇ ಎಳೆದು ನೋಡಿದರು, ಗಟ್ಟಿಯಾಗಿ ನಿಂತಿತು. ಫಿಟ್ಟರ್‌ನನ್ನು ಕರೆಸಿ, ಬ್ರೇಕ್ ಹೇಗಿತ್ತು ಎಂದು ಕೇಳಿದರು. "ಸರಿ ಇತ್ತು ಸಾರ್. ಮೂರು ವಾರದ ಹಿಂದೆ ಲಿವರ್ ಜಾರುತ್ತೆ ಅಂತ ಭಾವ ಹೇಳಿದ್ರು, ನಾನೇ ಸರಿ ಮಾಡಿದ್ದೆ" ಎಂದು ಅವನು ಹೇಳಿದ. ಅವನಿಗೆ ಗೊತ್ತಿದ್ದಷ್ಟು ಮಟ್ಟಿಗೆ ಅದು ನಿಜವೇ ಆಗಿತ್ತು.

ಅಧಿಕಾರಿಯ ಮಾತಿನಂತೆ ಹಳೆಯ ಯಜಮಾನರೂ ಫ್ಯಾಕ್ಟರಿಯ ಫೈಲಿನಲ್ಲಿ 'ಚಾಲಕನ ಮರೆವು' ಎಂದು ಬರೆದು ಮುಗಿಸಿದರು. ಲೈಸೆನ್ಸ್ ಹೋಯಿತು. ಭಾವ ಮರದ ಡಿಪೋದ ಗೇಟಿನಲ್ಲಿ ಬಂದು ಹೋಗುವ ಗಾಡಿಗಳ ನಂಬರ್ ಬರೆಯುವ ಕೆಲಸಕ್ಕೆ ಸೇರಿದರು. ಹತ್ತು ವರ್ಷದ ಹಿಂದಿನ ನಂಬರನ್ನೂ ಬಾಯಲ್ಲಿ ಹೇಳುತ್ತಿದ್ದ ಆ ಮನುಷ್ಯನಿಗೆ ಊರು ಇಟ್ಟ ಹೆಸರು 'ಮರೆಗುಳಿ'. ಮೊದಲು ಬೆನ್ನ ಹಿಂದೆ ಕರೆದರು, ಆಮೇಲೆ ಮುಖಕ್ಕೇ ಕರೆದರು, ಕೊನೆಕೊನೆಗೆ ಯಾಕೆ ಆ ಹೆಸರು ಎಂದು ಗೊತ್ತಿಲ್ಲದವರೂ ಕರೆದರು.

ಫಿಟ್ಟರ್ ದಿನಾ ಆ ಶೆಡ್ಡಿನ ಮುಂದೆಯೇ ಓಡಾಡುತ್ತಿದ್ದ. ಲಿವರಿನ ಬುಡದ ತಗಡು ತೆಗೆಯಲು ಎರಡು ಬೋಲ್ಟ್ ಬಿಚ್ಚಿದರೆ ಸಾಕಿತ್ತು. ಮೊದಲು, ವಿಚಾರಣೆ ನಡೆಯುತ್ತಿದೆ ಎಂದು ಬಿಚ್ಚಲಿಲ್ಲ. ಆಮೇಲೆ, ವಿಚಾರಣೆ ಮುಗಿಯಿತಲ್ಲ ಎಂದು ಬಿಚ್ಚಲಿಲ್ಲ.

ಯಜಮಾನಿ ಬಂದುಹೋದ ಮಾರನೆಯ ದಿನ ಮಧ್ಯಾಹ್ನ ಬಿಚ್ಚಿದ.

ಕೊಕ್ಕೆ ಹೆಬ್ಬೆರಳಿನಷ್ಟು ದಪ್ಪ. ಸೀಮೆಎಣ್ಣೆಯಲ್ಲಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದ. ತುದಿ ಉಳಿಯ ಹಾಗೆ ಚೂಪಾಗಿರಬೇಕಾಗಿತ್ತು. ಸವೆದು ಗುಂಡಗಾಗಿ, ಬಾಯಲ್ಲಿ ಚೀಪಿದ ಮಿಠಾಯಿಯ ಹಾಗಿತ್ತು. ಅದರ ಎರಡೂ ಬದಿಗೆ ಅರ ಉಜ್ಜಿದ ಸಣ್ಣ ಗೆರೆಗಳು ಇನ್ನೂ ಇದ್ದವು, ಎಲ್ಲವೂ ಎಡಕ್ಕೆ ವಾಲಿದ್ದವು. ಅರ ಹಿಡಿದರೆ ಅವನ ಮಣಿಕಟ್ಟು ಎಡಕ್ಕೆ ವಾಲುತ್ತಿತ್ತು. ಕೆಲಸ ಕಲಿಸಿದ ಗುರುಗಳು ಎಷ್ಟು ಬೈದರೂ ಆ ಅಭ್ಯಾಸ ಹೋಗಿರಲಿಲ್ಲ. ತನ್ನ ಕೈಬರಹ ತನಗೆ ಗುರುತು ಸಿಗದೇ ಇರುತ್ತದೆಯೇ?

ಎಲ್ಲ ನೆನಪಾಯಿತು. ಹೊಸ ಕೊಕ್ಕೆ ಸಿಕ್ಕಿರಲಿಲ್ಲ. ಗಾಡಿ ನಾಳೆಯೇ ಹೊರಡಬೇಕು ಎಂದು ಆಫೀಸಿನವರು ತಲೆ ತಿನ್ನುತ್ತಿದ್ದರು. ಹಳೆಯದನ್ನೇ ವೈಸಿಗೆ ಕಚ್ಚಿಸಿ, ಮೂರುಮೂಲೆಯ ಅರದಿಂದ ತುದಿ ಚೂಪು ಮಾಡಿ ಹಾಕಿದ್ದ. ಎಳೆದಾಗ ಟಕ್ಕೆಂದು ಕೂತಿತ್ತು, ಭೇಷಾಯಿತು ಎಂದುಕೊಂಡಿದ್ದ. ಅಂಥ ಕೊಕ್ಕೆಗಳಿಗೆ ಹದ ಕೊಟ್ಟಿರುವುದು ಮೇಲಿನ ಪದರಕ್ಕೆ ಮಾತ್ರ; ಅದನ್ನು ಉಜ್ಜಿ ತೆಗೆದರೆ ಒಳಗಿನದು ಮೆದು ಕಬ್ಬಿಣ, ದಿನದಿನಕ್ಕೂ ಸವೆಯುತ್ತದೆ. ಮೂವತ್ತೆರಡರ ವಯಸ್ಸಿನಲ್ಲಿ ಅವನಿಗೆ ಅದು ಗೊತ್ತಿರಲಿಲ್ಲ. ನಲವತ್ತರ ಹೊತ್ತಿಗೆ ಗೊತ್ತಾಗಿತ್ತು. ಗೊತ್ತಾದ ದಿನವೂ ಹೋಗಿ ಬಿಚ್ಚಿ ನೋಡಿರಲಿಲ್ಲ.

ಹಾಗೆಂದು ಬರೀ ಕಣ್ಣಳತೆಯ ಮೇಲೆ ತೀರ್ಮಾನ ಮಾಡುವವನಲ್ಲ ಅವನು. ಕೊಕ್ಕೆಯನ್ನು ಮತ್ತೆ ಕೂರಿಸಿದ. ಚಕ್ರಗಳಿಗೆ ಮರದ ತುಂಡು ಕೊಟ್ಟು, ಲಿವರನ್ನು ಏಳು ಹಲ್ಲು ಎಳೆದು, ಅಲುಗಾಡಿಸಿ ನೋಡಿದ. ಗಟ್ಟಿಯಾಗಿತ್ತು. ಆಮೇಲೆ ಹಿಂದಿನ ತೊಟ್ಟಿಗೆ ಹತ್ತಿ, ಒಂದು ಭಾರದ ಮರದ ದಿಮ್ಮಿಯನ್ನು ಸೊಂಟದವರೆಗೆ ಎತ್ತಿ ಧೊಪ್ಪನೆ ಬಿಟ್ಟ, ಐಸಿನ ಗಡ್ಡೆ ಬೀಳುವ ಹಾಗೆ. ಒಂದು ಸಲ. ಎರಡು ಸಲ. ಮೂರನೇ ಸಲ ಮುಂದಿನ ಕ್ಯಾಬಿನ್ನಿನಿಂದ ಟಕ್ ಎಂದು ಸದ್ದು ಬಂತು. ಇಳಿದು ಹೋಗಿ ನೋಡಿದರೆ ಲಿವರ್ ಪೂರ್ತಿ ಕೆಳಗೆ ಮಲಗಿತ್ತು, ಯಾರೂ ಅದನ್ನು ಎಂದೂ ಮುಟ್ಟಿಯೇ ಇಲ್ಲವೇನೋ ಎಂಬಂತೆ.

ಹತ್ತು ಸಲ ಎಳೆದ. ಏಳು ಸಲ ಬಿತ್ತು. ಹತ್ತನೆಯದು ಮುಗಿಯುವ ಹೊತ್ತಿಗೆ ಭುಜ ಬೆಂಕಿಯಾಗಿತ್ತು. ಮೆಟ್ಟಿಲ ಹಲಗೆಯ ಮೇಲೆ ಕುಸಿದು ಕೂತ.

ಎದುರಿಗೇ ಗುಜರಿಯ ಡಬ್ಬಿ ಇತ್ತು. 'ತೆಗೆದುಬಿಡಿ' ಎಂದು ಯಜಮಾನಿಯೇ ಹೇಳಿದ್ದಾರೆ. ಡ್ರಮ್ಮು, ಲಿವರು, ಕೊಕ್ಕೆ ಎಲ್ಲ ಅದರೊಳಗೆ ಹೋದರೆ ಹೇಳಿದ ಮಾತು ಕೇಳಿದ ಹಾಗಾಗುತ್ತದೆ, ಯಾರೂ ಚಕಾರ ಎತ್ತುವುದಿಲ್ಲ. ಬ್ರೇಕ್ ಉಳಿಸಬೇಕೆಂದರೂ ದಾರಿ ಇತ್ತು: ಹೊಸ ಕೊಕ್ಕೆ ಮಾಡಿ ಹಾಕಿ ಬಾಯಿ ಹೊಲಿದುಕೊಂಡರೆ ಮುಗಿಯಿತು. ಸಂಜೆಯ ಪಾಳಿಯ ಸೈರನ್ ಆಗುವ ತನಕ ಅವನು ಹಾಗೇ ಕೂತಿದ್ದ. ದಿನಾ ಊಟಕ್ಕೆ ಭಾವನ ಎದುರು ಕೂರಬೇಕಲ್ಲ, ಇದನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕೂರುವಷ್ಟು ತ್ರಾಣ ಇನ್ನು ಉಳಿದಿಲ್ಲ ಎನ್ನಿಸಿತು. ಅದನ್ನು ಧೈರ್ಯ ಎಂದು ಅವನು ಯಾವತ್ತೂ ಹೇಳಿಕೊಳ್ಳಲಿಲ್ಲ. ಸಾಕಾಗಿತ್ತು, ಅಷ್ಟೇ.

ಮನೆಯಲ್ಲಿ ಭಾವ ಮೇಜಿನ ಮುಂದೆ ಕೂತು ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಚೀಟಿಗಳಾಗಿ ಕತ್ತರಿಸುತ್ತಿದ್ದರು. ಎಪ್ಪತ್ತೆರಡಾಗಿತ್ತು, ಕತ್ತರಿ ಮಾತ್ರ ಗೆರೆ ತಪ್ಪುತ್ತಿರಲಿಲ್ಲ. ಅಕ್ಕ ಕಿಟಕಿಯ ಹತ್ತಿರ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಫಿಟ್ಟರ್ ಜೇಬಿನಿಂದ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟ.

"ಏನೋ ಇದು?" ಎಂದರು ಭಾವ.

"ಹ್ಯಾಂಡ್‌ಬ್ರೇಕಿನ ಕೊಕ್ಕೆ. ನಾನು ಅರ ಹೊಡೆದು ಹಾಳು ಮಾಡಿದ್ದು." ನಿಂತುಕೊಂಡೇ ಎಲ್ಲ ಹೇಳಿದ. ಅರ, ಹದ, ಸವೆತ, ಮರದ ದಿಮ್ಮಿ. ಕೊನೆಗೆ, "ನೀವು ಎಳೆದಿದ್ರಿ ಭಾವ. ಮೇಲೆ ಐಸ್ ಬಿದ್ದ ಏಟಿಗೆ ಅದು ಬಿಟ್ಟುಕೊಂಡಿದೆ" ಎಂದ.

ಭಾವ ಕತ್ತರಿ ಕೆಳಗಿಡಲಿಲ್ಲ. "ಎಷ್ಟು ಹಲ್ಲು ಎಳೆದು ನೋಡಿದೆ?"

"ಏಳು."

"ಹ್ಞೂಂ. ಏಳೇ ನಾನು ಎಳೀತಿದ್ದಿದ್ದು." ಕೊಕ್ಕೆಯನ್ನು ಎತ್ತಿ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು. ಅವರ ಮುಖ ಅರಳುತ್ತದೆ ಎಂದು ಫಿಟ್ಟರ್ ಕಾದಿದ್ದ, ಇಲ್ಲವೇ ಸಿಟ್ಟು ಬರುತ್ತದೆ ಎಂದು. ಎರಡೂ ಆಗಲಿಲ್ಲ.

"ನಾನು ಎಳೆದಿರಲಿಲ್ಲ ಅಂತ ನನಗೇ ನಂಬಿಕೆ ಬಂದು ಹದಿನೈದು ವರ್ಷ ಆಯ್ತು ಕಣೋ" ಎಂದರು. "ಮೊದಮೊದಲು ಕಣ್ಣು ಮುಚ್ಚಿದ್ರೆ ಎಳೆದಿದ್ದು ಕಾಣ್ತಿತ್ತು. ಆಮೇಲೆ ಒಂದು ದಿನ ಕಾಣೋದು, ಒಂದು ದಿನ ಕಾಣದೇ ಇರೋದು. ಊರೆಲ್ಲ ಒಂದೇ ಮಾತು ಹೇಳ್ತಿದ್ರೆ ನಾನೊಬ್ಬ ಎಷ್ಟೂಂತ ಹಿಡ್ಕೊಂಡಿರ್ಲಿ? ಕೊನೆಗೆ ತೂಕದವರ ಮನೆಗೇ ಹೋದೆ. ಹೌದು, ಎಳೆದಿರಲಿಲ್ಲ, ಮರೆತಿದ್ದೆ, ಹೊಟ್ಟೆಗೆ ಹಾಕ್ಕೊಳಿ ಅಂದೆ. ಅವರು ನನ್ನ ಕೈ ಹಿಡ್ಕೊಂಡ್ರು. ಆಯ್ತು ಬಿಡಿ ಅಂದ್ರು. ಅವತ್ತಿಂದ ನನಗೆ ನಿದ್ದೆ ಬರ್ತಿದೆ."

ಕತ್ತರಿ ಒಂದು ಹಾಳೆಯನ್ನು ನೇರವಾಗಿ ಸೀಳಿತು.

"ಈಗ ನೀನು ಬಂದು ಅದನ್ನೂ ಕಿತ್ಕೊಂಡೆ."

ಫಿಟ್ಟರ್‌ಗೆ ಕೂರಬೇಕೆನಿಸಿತು, ಆದರೆ ಯಾರೂ ಕೂರು ಎನ್ನಲಿಲ್ಲ. ಕಿಟಕಿಯ ಹತ್ತಿರ ಅಕ್ಕ ಹಲ್ಲಿನಿಂದ ದಾರ ಕಡಿದಳು.

"ಈ ಊರಲ್ಲಿ ನಾನೊಬ್ಬಳೇ ಹೇಳ್ತಾ ಬಂದೆ, ಅವರು ಎಳೆದಿದ್ರು ಅಂತ" ಎಂದಳು. ದನಿ ಏರಿಸಲಿಲ್ಲ. "ಇವರೇ ಮರೆತೆ ಅಂತ ಒಪ್ಪಿಕೊಂಡು ಬಂದ ದಿನವೂ ನಾನು ಇಲ್ಲ ಅಂದೆ. ಗಂಡನ್ನ ಬಿಟ್ಟುಕೊಡಲ್ಲ ಪಾಪ ಅಂತ ಜನ ನಕ್ಕರು. ನೀನೂ ನಕ್ಕೆ."

"ನಾನು ನಗಲಿಲ್ಲ ಅಕ್ಕ."

"ಸುಮ್ಮನಿದ್ದೆ. ಅದೂ ಒಂದೇ. ಬಗ್ಗಿ ನೋಡಬಹುದಿತ್ತಲ್ಲೋ. ಇಪ್ಪತ್ತೊಂಬತ್ತು ವರ್ಷ. ಒಂದು ಬೋಲ್ಟ್ ಬಿಚ್ಚೋಕೆ ನಿನಗೆ ಪುರುಸೊತ್ತಾಗಲಿಲ್ಲ."

"ಎರಡು ಬೋಲ್ಟ್" ಎಂದು ಅವನ ಬಾಯಿಂದ ಬಂದುಬಿಟ್ಟಿತು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅಕ್ಕ ಅಂಗಿಯನ್ನು ಮಡಿಸಿ ಎದ್ದು ಒಳಗೆ ಹೋದಳು. ಆವತ್ತಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ಊಟ ಹಿಂದಿನ ಕೋಣೆಯ ಬಾಗಿಲಿಗೆ ಬಂದು ಕೂರುತ್ತಿತ್ತು, ತಟ್ಟೆಯ ಮೇಲೆ ತಟ್ಟೆ ಮುಚ್ಚಿಕೊಂಡು. ಬಿಸಿ ಮಾತ್ರ ಎಂದೂ ಆರಿರುತ್ತಿರಲಿಲ್ಲ.

ಮಾರನೆಯ ದಿನ ಯಜಮಾನಿಗೂ ಹೇಳಿದ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಕೇಳಿಸಿಕೊಂಡರು. "ಅಪ್ಪ ಫೈಲಲ್ಲಿ ಅವರ ಕೈಯಾರೆ ಬರೆದಿದ್ದಾರೆ, ಚಾಲಕನ ಮರೆವು ಅಂತ" ಎಂದರು ಕೊನೆಗೆ. "ಅದರ ಕೆಳಗೆ ನಾನು ಈಗಿನದು ಬರೆದು ಸಹಿ ಹಾಕ್ತೀನಿ. ಒಂದು ಪ್ರತಿ ನಿಮ್ಮ ಭಾವನಿಗೆ ಕೊಡ್ತೀನಿ. ಇನ್ನು ಬ್ರೇಕ್ ವಿಷಯ... ನೀವೇ ಹೇಳಿ. ತೆಗೆಯೋದಾ, ಇಡೋದಾ?"

"ಇಡೋದು ಮೇಡಂ. ಅದೇ ಇಳಿಜಾರಿಗೆ ಹೋಗೋ ಗಾಡಿ. ಬ್ರೇಕ್ ಬೇಡ ಅನ್ನೋಕೆ ನನ್ನ ಬಾಯಲ್ಲಿ ಬರಲ್ಲ. ಹೊಸ ಕೊಕ್ಕೆ ಮಾಡಿ, ಹದ ಹಾಕಿಸಿ ತರ್ತೀನಿ."

ಮೂರು ದಿನ ಕೊಕ್ಕೆಯ ಕೆಲಸಕ್ಕೇ ಹಿಡಿಯಿತು. ಉಕ್ಕಿನ ತುಂಡು ಕತ್ತರಿಸಿ, ಅಳತೆಗೆ ತಂದು, ಹದ ಹಾಕುವವನ ಹತ್ತಿರ ಒಯ್ದು, ಅವನು ಕುಲುಮೆಯಿಂದ ತೆಗೆದು ಎಣ್ಣೆಗೆ ಅದ್ದುವ ತನಕ ಪಕ್ಕದಲ್ಲೇ ನಿಂತಿದ್ದ. ನಾಲ್ಕನೆಯ ದಿನ ಅದನ್ನು ಗಾಡಿಗೆ ಕೂರಿಸಿ ಸಂಜೆ ಮನೆಗೆ ಬಂದರೆ ಭಾವ ಒಗೆದ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕಾಯುತ್ತಿದ್ದರು.

"ತೂಕದವರು ಹೋಗಿ ಆರು ವರ್ಷ ಆಯ್ತು, ಅವರ ಮನೆಯವರು ಇದ್ದಾರೆ" ಎಂದರು. "ಮರೆತಿದ್ದೆ ಅಂತ ಆ ಮನೆಯಲ್ಲಿ ನಾನು ಸುಳ್ಳು ಹೇಳಿದ ಹಾಗಾಯ್ತಲ್ಲ. ಸರಿಮಾಡಿ ಬರಬೇಕು. ನಡಿ, ನೀನೂ ಬಾ."

"ನಾಳೆ ಹೋಗೋಣವಾ ಭಾವ? ಕಾಲು ಸೋತುಹೋಗಿದೆ."

"ನನ್ನದೂ ಹಂಗೇ ಇದೆ. ನಡಿ."

ಇಬ್ಬರೂ ಮೂರು ಬೀದಿ ದಾಟಿ, ಎರಡು ಕಡೆ ಕೂತು ಎದ್ದು, ತೂಕದವರ ಮನೆ ತಲುಪಿದರು. ಅವರ ಹೆಂಡತಿ ಬೇಳೆ ಆರಿಸುತ್ತಿದ್ದರು, ಕನ್ನಡಕ ಮೂಗಿನ ತುದಿಯಲ್ಲಿತ್ತು. ಭಾವ ಶುರು ಮಾಡಿದರು, ಅರ್ಧಕ್ಕೆ ಫಿಟ್ಟರ್ ಮಾತು ತೆಗೆದುಕೊಂಡು ಮುಗಿಸಿದ. ಆಕೆ ಕೈ ನಿಲ್ಲಿಸದೆ ಕೇಳಿದರು.

"ಮೊದಲು ತಪ್ಪು ನಿಮ್ಮದು ಅಂದ್ರಿ, ಈಗ ಇವರದು ಅಂತೀರ" ಎಂದರು ಭಾವನನ್ನು ನೋಡಿ. "ಯಾರ ಮೇಲೆ ಕೋಪ ಮಾಡ್ಕೋಬೇಕು ಅಂತ ನಾನು ಈ ವಯಸ್ಸಲ್ಲಿ ಮತ್ತೆ ಮೊದಲಿಂದ ಶುರು ಮಾಡ್ಲಾ? ನನ್ನ ಕೈಲಾಗಲ್ಲ. ಅವರ ಕಾಲು ತೊಳೆದು, ಪಟ್ಟಿ ಕಟ್ಟಿ, ಹೊರಗೆ ಕೂರಿಸಿ, ಒಳಗೆ ಕರ್ಕೊಂಡು ಬಂದು, ನನ್ನ ಕೋಪ ಎಲ್ಲ ಅದರಲ್ಲೇ ಸವೆದುಹೋಯ್ತು. ಕೂತ್ಕೊಳಿ ಇಬ್ಬರೂ. ನಿಂತಿದ್ದನ್ನ ನೋಡಿದ್ರೆ ಬೀಳೋ ಹಾಗಿದ್ದೀರ."

ಕೂತರು. ನೀರು ಕೊಟ್ಟರು, ಕುಡಿದರು. ಆಮೇಲೆ ಆಕೆ ಫಿಟ್ಟರ್ ಕಡೆ ತಿರುಗಿದರು.

"ಆ ಗಾಡಿನ ಮತ್ತೆ ಅದೇ ಇಳಿಜಾರಿಗೆ ಬಿಡ್ತಾರಂತೆ, ಹೌದಾ?"

"ಹೌದಮ್ಮ. ಬ್ರೇಕ್ ನಾನೇ ಸರಿ ಮಾಡಿದ್ದೀನಿ."

"ಅವತ್ತೂ ಹಾಗೇ ಹೇಳಿದ್ರಿ, ಅಲ್ವಾ?"

ಹೇಳಿದ್ದು ವ್ಯಂಗ್ಯಕ್ಕಲ್ಲ, ನಿಜವಾಗಿ ಕೇಳುತ್ತಿದ್ದರು. ಫಿಟ್ಟರ್ ತನ್ನ ಬಲಗೈಯನ್ನು ನೋಡಿಕೊಂಡ. ನಲವತ್ತು ವರ್ಷಕ್ಕೂ ಮಿಕ್ಕಿ ಸ್ಪ್ಯಾನರ್ ಹಿಡಿದ ಕೈ ಅದು, ತಾನು ಮುಟ್ಟಿದ ಕೆಲಸವನ್ನು ಇನ್ನೊಬ್ಬರಿಗೆ ತೋರಿಸಿ ಸರಿ ಇದೆಯಾ ಎಂದು ಒಮ್ಮೆಯೂ ಕೇಳಿರಲಿಲ್ಲ.

"ಈ ಸಲ ಬೇರೆಯವರ ಕೈಲಿ ನೋಡಿಸ್ತೀನಿ" ಎಂದ.

"ಯಾರ ಕೈಲಿ?"

ಪಕ್ಕದಲ್ಲಿ ಭಾವ ಲೋಟ ಕೆಳಗಿಟ್ಟರು. "ನಾನು ನೋಡ್ತೀನಿ" ಎಂದರು.

ಮಾರನೆಯ ಬೆಳಿಗ್ಗೆ ಇಪ್ಪತ್ತೊಂಬತ್ತು ವರ್ಷದ ಮೇಲೆ ಭಾವ ಆ ಕ್ಯಾಬಿನ್ ಹತ್ತಿದರು. ಹತ್ತಿದರು ಎನ್ನುವುದಕ್ಕಿಂತ ಫಿಟ್ಟರ್ ಕೆಳಗಿನಿಂದ ಒತ್ತಿ ಮೇಲೆ ಸಾಗಿಸಿದ ಎನ್ನಬೇಕು. ಕಣ್ಣಲ್ಲಿ ನೀರು ಬರಬಹುದು, ಏನಾದರೂ ಹಳೆಯ ಮಾತು ಬರಬಹುದು ಎಂದುಕೊಂಡಿದ್ದ. ಭಾವ ಸೀಟು ಗಟ್ಟಿಯಾಯಿತು ಎಂದರು, ಕನ್ನಡಿ ಓರೆಯಾಗಿದೆ ಎಂದರು. ಲಿವರನ್ನು ನಾಲ್ಕು ಸಲ ಎಳೆದು ಬಿಟ್ಟು, ಐದನೇ ಸಲ ಅರ್ಧಕ್ಕೆ ನಿಲ್ಲಿಸಿ, ಕಿವಿಗೊಟ್ಟು ಕೇಳಿದರು.

"ಮೂರನೇ ಹಲ್ಲಿನಲ್ಲಿ ಸದ್ದು ಸರಿ ಇಲ್ಲ. ಪೂರ್ತಿ ಕೂರ್ತಿಲ್ಲ. ಬಿಚ್ಚು."

ಬಿಚ್ಚಿ ನೋಡಿದರೆ ಹೌದು, ಪಟ್ಟಿಯ ಮೂರನೇ ಹಲ್ಲಿನ ಬುಡದಲ್ಲಿ ಹಳೆಯ ಗ್ರೀಸು ಕಲ್ಲಾಗಿತ್ತು. ಕೆರೆದು ತೆಗೆದು ಮತ್ತೆ ಜೋಡಿಸಿದ. ಮಾರನೆಯ ದಿನ ಭಾವ ಮತ್ತೆ ಬಂದರು, ಈ ಸಲ ಲಿವರಿನಿಂದ ಡ್ರಮ್ಮಿಗೆ ಹೋಗುವ ಕೆಳಗಿನ ಸರಳು ಸಡಿಲ ಎಂದರು.

"ನಾಳೆ ಬಿಗಿ ಮಾಡ್ತೀನಿ ಭಾವ. ಇವತ್ತು ಭುಜ ಮಾತು ಕೇಳ್ತಿಲ್ಲ."

"ಹಂಗಾದ್ರೆ ಸ್ಪ್ಯಾನರ್ ಕೊಡು ಇಲ್ಲಿ."

ಬೇಡ ಬೇಡ ಎನ್ನುತ್ತಿದ್ದಂತೆಯೇ ಎಪ್ಪತ್ತೆರಡರ ಮುದುಕರು ರಟ್ಟಿನ ಮೇಲೆ ಮಲಗಿ ಗಾಡಿಯ ಕೆಳಗೆ ತೆವಳಿದರು. ಫಿಟ್ಟರ್‌ಗೆ ಬೇರೆ ದಾರಿ ಇರಲಿಲ್ಲ, ಅವನೂ ತೆವಳಿದ. ಒಬ್ಬರು ನಟ್ಟು ಹಿಡಿದರು, ಒಬ್ಬರು ತಿರುಗಿಸಿದರು. ಕೆಳಗೆ ಮಲಗಿದಾಗ ಭಾವ ಹೇಳಿದರು, "ನಾನು ಎಳೆದಿದ್ದೆ ಅಂತ ಈಗಲೂ ಕಣ್ಣಿಗೆ ಕಾಣ್ತಿಲ್ಲ ಕಣೋ. ನೀನು ಹೇಳ್ತೀಯಲ್ಲ ಅಂತ ನಂಬಬೇಕು, ಅಷ್ಟೇ." ಫಿಟ್ಟರ್ ನಟ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿದ. ಇಬ್ಬರೂ ಈಚೆ ಬಂದು ಎದ್ದು ನಿಲ್ಲಲು ಕಾಲು ಗಂಟೆ ಬೇಕಾಯಿತು.

ಮೂರನೆಯ ಸಲ ಭಾವ ಎಲ್ಲ ಎಳೆದು, ಕೇಳಿ, ಇಳಿದು ಬಂದು "ಹ್ಞೂಂ" ಎಂದರು.

ಐವತ್ತನೇ ವರ್ಷದ ದಿನ ಹೊಸ ಡ್ರೈವರ್ ಆ ಲಾರಿಯನ್ನು ಇಳಿಜಾರಿಗೆ ಒಯ್ದು ನಿಲ್ಲಿಸಿದ. ಬ್ರೇಕ್ ಎಳೆದು, ಮೇಲಿಂದ ಮರದ ತುಂಡುಗಳನ್ನೂ ಕೊಟ್ಟರು. ಭಾಷಣ ನಡೆದಷ್ಟು ಹೊತ್ತೂ ಫಿಟ್ಟರ್ ಮುಂದಿನ ಚಕ್ರದ ಪಕ್ಕದಲ್ಲೇ ನಿಂತಿದ್ದ. ಯಜಮಾನಿ ಹಳೆಯ ಅಪಘಾತದ ವಿಷಯ ತೆಗೆದು, ಡ್ರೈವರ್ ತಪ್ಪಿರಲಿಲ್ಲ ಎಂದು ಮೈಕಿನಲ್ಲಿ ಹೇಳಿದರು. ಮುಂದಿನ ಸಾಲಿನ ನಾಲ್ಕು ಜನ ತಲೆಯಾಡಿಸಿದರು. ಉಳಿದವರಿಗೆ ಯಾವ ಅಪಘಾತ ಎಂದೇ ಗೊತ್ತಿರಲಿಲ್ಲ.

ಭಾವ ಬಂದಿರಲಿಲ್ಲ. ಫಿಟ್ಟರ್ ಶೆಡ್ಡಿನ ಬೀಗದ ಕೈ ಒಪ್ಪಿಸಿ ಸಂಜೆ ಮನೆಗೆ ಹೋದಾಗ ಅವರು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ.

"ಏನಾಯ್ತು?" ಎಂದು ಕೇಳಿದರು, ತಿರುಗದೆ.

"ನಿಂತಿತು ಭಾವ."

"ನಿಲ್ಲಲೇಬೇಕಲ್ಲ" ಎಂದರು. ಆಮೇಲೆ ಅಡುಗೆಮನೆಯ ಕಡೆಗೆ, ಅಕ್ಕನಿಗೆ ಕೇಳುವಷ್ಟು ಜೋರಾಗಿ ಹೇಳಿದರು: "ಇವನಿಗೆ ಕಾಯಿಸಿದ ಎಣ್ಣೆ ಒಂದಿಷ್ಟು ಕೊಡೇ. ಭುಜಕ್ಕೆ."